ಹ್ಯಾವ್‌ಲಾಕ್ ನೋಡದೇ ಬಂದ್ಯಾ?

ಅಂಡಮಾನ್‌ಗೆ ಹೋಗಿ ಬಂದು ಹದಿನೈದು ದಿನ ಆಯ್ತು. ದಾವಣಗೆರೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಇದೊಂದೇ ಪ್ರಶ್ನೆ. ಎಲ್ಲರೂ ಹೋಗುವ ಹ್ಯಾವ್‌ಲಾಕ್ ದ್ವೀಪಕ್ಕೆ (ಈಗ ಅದು ಸ್ವರಾಜ್ ದ್ವೀಪ) ಹೋಗದೆ, ಸಮುದ್ರದೊಳಗೆ ಮುಳುಗುವ ಸ್ಕೂಬಾ ಮಾಡದೆ ಆರು ದಿನ ಅಲ್ಲಿ ಏನು ಮಾಡಿದೆ? ಹಕ್ಕಿ ನೋಡಿದೆ ಅಂದರೆ ನಗುತ್ತಾರೆ. ಅಮ್ಮನಂತೂ ಹೊರಡುವ ಮುಂಚೆಯೇ ಅಂದಿದ್ದಳು, "ಹಕ್ಕಿ ನೋಡಾಕೆ ಸಮುದ್ರ ದಾಟಬೇಕೇನೋ? ಕೊಂಡಜ್ಜಿ ಕೆರೆಗೆ ಹೋಗು, ಮಧ್ಯಾಹ್ನ ಊಟಕ್ಕೆ ಬರಬಹುದು."

ಅಮ್ಮ ಹೇಳಿದ್ದು ಅರ್ಧ ಸರಿ. ನಾನು ಹಕ್ಕಿ ನೋಡುವುದು ಕಲಿತದ್ದೇ ಕೊಂಡಜ್ಜಿ ಕೆರೆ, ಸೂಳೆಕೆರೆ ದಂಡೆಗಳಲ್ಲಿ. ಆದರೆ ನಡುಸಮುದ್ರದ ದ್ವೀಪದಲ್ಲಿ ಸಾವಿರಾರು ವರ್ಷ ಬೇರೆಯಾಗಿ ಉಳಿದ ಹಕ್ಕಿಗಳು ಬೇರೆಯೇ ಆಗಿಬಿಡುತ್ತವೆ. ಅಂಡಮಾನ್ ನಿಕೋಬಾರ್ ಬಿಟ್ಟು ಪ್ರಪಂಚದಲ್ಲಿ ಎಲ್ಲೂ ಸಿಗದ ಜಾತಿಗಳು ಅಲ್ಲಿ ಹನ್ನೆರಡಕ್ಕೂ ಜಾಸ್ತಿ ಇವೆ. ಅವನ್ನು ನೋಡಬೇಕೆಂದರೆ ನಾವೇ ಹೋಗಬೇಕು, ಬೇರೆ ದಾರಿ ಇಲ್ಲ.

ಇನ್ನು ದುಡ್ಡು. ಹಕ್ಕಿ ಫೋಟೋ ಅಂದರೆ ಶ್ರೀಮಂತರ ಶೋಕಿ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ನಾನು, ನನ್ನ ಷಡ್ಡಕ ಇಬ್ಬರೇ ಹೋದದ್ದು. ಎರಡೂವರೆ ತಿಂಗಳು ಮುಂಚೆ ಬೆಂಗಳೂರಿನಿಂದ ವಿಮಾನದ ಟಿಕೆಟ್ ಮಾಡಿಸಿದೆವು. ಪೋರ್ಟ್ ಬ್ಲೇರ್‌ನಲ್ಲಿ (2024ರಿಂದ ಅದು ಶ್ರೀ ವಿಜಯಪುರಂ) ಒಂದೇ ರೂಮು, ಸರ್ಕಾರಿ ಬಸ್ಸು, ಚೀಲದಲ್ಲಿ ನಮ್ಮೂರ ಮಂಡಕ್ಕಿ. ತೂಕವೇ ಇಲ್ಲದ ತಿಂಡಿ, ಲಗೇಜಿಗೆ ಅದಕ್ಕಿಂತ ಒಳ್ಳೇದು ಇಲ್ಲ ಬಿಡಿ. ಮನೆ ಬಿಟ್ಟು ಮನೆ ಸೇರುವವರೆಗೆ ತಲೆಗೆ 26 ಸಾವಿರ ಆಯ್ತು. ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ನಿಕಾನ್ ಪಿ900. ಕಾಡಿನ ಮಬ್ಬಿನಲ್ಲಿ ಅದರ ಫೋಟೋ ರವೆ ಚೆಲ್ಲಿದ ಹಾಗೆ ಬರುತ್ತೆ, ನಿಜ. ಆದರೂ ಹಕ್ಕಿ ಯಾವುದು ಅಂತ ಗೊತ್ತಾಗುತ್ತೆ, ನನಗೆ ಅಷ್ಟು ಸಾಕು.

ಹ್ಯಾವ್‌ಲಾಕ್ ಬಿಟ್ಟದ್ದು ಬರೀ ದುಡ್ಡಿಗಲ್ಲ. ದ್ವೀಪದಿಂದ ದ್ವೀಪಕ್ಕೆ ಹಾರುತ್ತಾ ಇದ್ದರೆ ಬೆಳಗಿನ ಹೊತ್ತೆಲ್ಲ ಜೆಟ್ಟಿಯ ಕ್ಯೂನಲ್ಲೇ ಕಳೆಯುತ್ತೆ, ಹಕ್ಕಿ ಸಿಗುವುದೂ ಆ ಹೊತ್ತಲ್ಲೇ. ಮೊದಲನೇ ದಿನ ನಾವು ಮನೆಯ ಲೆಕ್ಕದಲ್ಲಿ ಆರೂವರೆಗೆ ಎದ್ದು ಕೆಟ್ಟೆವು. ಗಡಿಯಾರ ಎರಡೂ ಕಡೆ ಒಂದೇ, ಆದರೆ ಅಂಡಮಾನ್ ಅಷ್ಟು ಪೂರ್ವಕ್ಕಿರುವುದರಿಂದ ಸೂರ್ಯ ನಮ್ಮೂರಿಗಿಂತ ಒಂದು ಗಂಟೆಗೂ ಮುಂಚೆ ಹುಟ್ಟುತ್ತಾನೆ. ಸಂಜೆ ಐದೂವರೆಗೆ ಕತ್ತಲೆ. ಮಾರನೇ ದಿನದಿಂದ ನಾಲ್ಕಕ್ಕೇ ಎದ್ದೆವು. ಎಸಿ ರೂಮಿಂದ ಹೊರಗೆ ತಂದ ತಕ್ಷಣ ಲೆನ್ಸ್ ಮೇಲೆ ಮಂಜು ಕೂರುತ್ತೆ, ಆಮೇಲಾಮೇಲೆ ರಾತ್ರಿ ಎಸಿ ಆರಿಸಿಯೇ ಮಲಗಿದ್ದಾಯ್ತು.

ಒಂದಕ್ಕೆ ಮಾತ್ರ ಜಿಪುಣತನ ಮಾಡಬೇಡಿ. ಎರಡು ಬೆಳಗ್ಗೆಯಾದರೂ ಅಲ್ಲಿಯವರನ್ನೇ ಗೈಡ್ ಮಾಡಿಕೊಳ್ಳಿ. ನಾವು ಪೋರ್ಟ್ ಬ್ಲೇರ್ ಹತ್ತಿರದ ಸಿಪ್ಪಿಘಾಟ್‌ಗೆ ಹೋದದ್ದು ಹಾಗೆಯೇ. 2004ರ ಭೂಕಂಪಕ್ಕೆ ಅಲ್ಲಿ ನೆಲವೇ ಕುಸಿಯಿತು. ಗದ್ದೆಗಳಿಗೆ ಉಪ್ಪುನೀರು ನುಗ್ಗಿತು, ವಾಪಸ್ ಹೋಗಲೇ ಇಲ್ಲ. ಈಗ ಅದೇ ನೀರಿನಲ್ಲಿ ಅಂಡಮಾನ್ ಟೀಲ್ ಅನ್ನುವ ಕಂದು ಬಾತು, ಕಣ್ಣಿನ ಸುತ್ತ ಸುಣ್ಣ ಬಳಿದ ಹಾಗೆ ಬಿಳಿ. ನಾನು ಖುಷಿಯಿಂದ ಕ್ಲಿಕ್ ಮಾಡುತ್ತಿದ್ದೆ. ಗೈಡ್ ನೀರಿನ ಕಡೆ ಕೈ ತೋರಿಸಿ ಹಿಂದಿಯಲ್ಲಿ, "ಇಲ್ಲಿ ಭತ್ತ ಬೆಳೀತಿದ್ರು" ಅಂದ. ಸ್ವಲ್ಪ ಹೊತ್ತು ಕ್ಯಾಮೆರಾ ಎತ್ತಲಿಲ್ಲ.

ಬೇಜಾರಾದದ್ದು ಪೋರ್ಟ್ ಬ್ಲೇರ್‌ನ ದಕ್ಷಿಣಕ್ಕಿರುವ ಚಿಡಿಯಾ ಟಾಪುವಿನಲ್ಲಿ. ಕತ್ತಲಾದ ಮೇಲೆ ದೊಡ್ಡ ದೊಡ್ಡ ಲೆನ್ಸಿನವರ ಒಂದು ಗುಂಪು ಬ್ಲೂಟೂತ್ ಸ್ಪೀಕರ್‌ನಲ್ಲಿ ಗೂಬೆಯ ಕೂಗು ಹಾಕಿತು. ತನ್ನ ಜಾಗಕ್ಕೆ ಬೇರೆ ಗೂಬೆ ಬಂತೆಂದು ಪಾಪ ಅದು ಜಗಳಕ್ಕೆ ಬಂದು ಕೂತರೆ, ಮುಖಕ್ಕೇ ಟಾರ್ಚ್. ಇಪ್ಪತ್ತು ನಿಮಿಷ. ಇಷ್ಟು ಚಿಕ್ಕ ಜಾಗದಲ್ಲಿ ಮಾತ್ರ ಬದುಕಿರುವ ಹಕ್ಕಿಗೆ ದಿನಾ ಹೀಗೆ ಮಾಡಿದರೆ ಅದು ಬೇಟೆ ಆಡುವುದು ಯಾವಾಗ, ಮರಿ ಸಾಕುವುದು ಯಾವಾಗ? ಲಕ್ಷಗಟ್ಟಲೆ ಕ್ಯಾಮೆರಾಕ್ಕೆ ಸುರಿದವರಿಗೆ ಹತ್ತು ನಿಮಿಷ ಸುಮ್ನೆ ಕಾಯಲು ಆಗಲ್ವಾ? ನನಗೂ ಫೋಟೋ ಬೇಕಿತ್ತು, ಸುಳ್ಳು ಹೇಳಲ್ಲ. ಕ್ಲಿಕ್ ಮಾಡದೆ ಬಂದೆ.

ಮಾರನೇ ಬೆಳಗ್ಗೆ ಅಲ್ಲೇ ರಸ್ತೆ ಪಕ್ಕ, ಮೈಯೆಲ್ಲ ಕಪ್ಪು, ನೆತ್ತಿ ಮಾತ್ರ ಕಡುಕೆಂಪಾದ ಅಂಡಮಾನ್ ಮರಕುಟಿಗ. ಒಣಮರಕ್ಕೆ ಕುಟ್ಟಿದ ಸದ್ದು ಬಡಗಿ ಅಂಗಡಿ ಮುಂದೆ ನಿಂತ ಹಾಗಿತ್ತು, ತೊಗಟೆ ಚೂರು ಷಡ್ಡಕನ ಟೋಪಿ ಮೇಲೇ ಬಿತ್ತು.

ಊರಿಗೆ ಬಂದು ಅಮ್ಮನಿಗೆ ಫೋಟೋ ತೋರಿಸಿದೆ. ಮರಕುಟಿಗ, ಬಾತು ಯಾವುದಕ್ಕೂ ಹೂಂ ಅನ್ನಲಿಲ್ಲ. ಅಂಡಮಾನ್ ಕೆಂಬೂತ ಬಂದಾಗ ಮಾತ್ರ ಕನ್ನಡಕ ಹಾಕಿಕೊಂಡಳು. ರೆಕ್ಕೆ ನಮ್ಮದರ ಹಾಗೇ ಕೆಂಪುಕಂದು, ಆದರೆ ಮೈ ಕಪ್ಪಲ್ಲ, ಹಾಲು ಜಾಸ್ತಿಯಾದ ಕಾಫಿ ಬಣ್ಣ.

"ಇದು ನಮ್ಮ ಹಿತ್ತಲಾಗೆ ಬರೋ ರತ್ನಪಕ್ಷಿ ಅಲ್ವೇನೋ? ಯಾಕೋ ಬಣ್ಣ ಹೋಗೇತಿ" ಅಂದಳು. ಆಮೇಲೆ ಫೋನಿಗೇ ಒಂದು ಕೈ ಮುಗಿದಳು.