ಯೆಹೂದ್ಯರಿಗೆ ಕಣ್ಣಿರಲಿಲ್ಲವಂತೆ!

ಭಾನುವಾರ ಧ್ಯಾನಕೂಟಕ್ಕೆ ಹೋಗಿದ್ದೆ. ಆಗಮನ ಕಾಲ ಅಲ್ವಾ, ಕ್ರಿಸ್‌ಮಸ್‌ಗೆ ಮನಸ್ಸನ್ನು ಸ್ವಲ್ಪ ಸಿದ್ಧ ಮಾಡಿಕೊಳ್ಳೋಣ ಅಂತ. ಎಲ್ಲಿಂದಲೋ ಕರೆಸಿದ್ದ ಭಾಷಣಕಾರರು ಮೈಕ್ ಹಿಡಿದವರೇ ಶುರು ಮಾಡಿದರು: "ಯೆಹೂದ್ಯರು ಕುರುಡರು. ಮೆಸ್ಸೀಯ ಕಣ್ಣೆದುರಿಗೇ ಬಂದರೂ ಗುರುತು ಹಿಡಿಯಲಿಲ್ಲ. ಇವತ್ತಿಗೂ ದಾರಿ ಕಾಯುತ್ತಾ ಕೂತಿದ್ದಾರೆ, ಪಾಪ." ಸುತ್ತಲೂ ನಗು. ಒಂದಿಬ್ಬರು "ಆಮೆನ್" ಅಂತಲೂ ಅಂದರು. ನನಗೆ ಮೈ ಉರಿದುಹೋಯಿತು. ಊಟಕ್ಕೂ ನಿಲ್ಲದೆ ಎದ್ದು ಬಂದೆ. (ಬಿರಿಯಾನಿ ಇತ್ತಂತೆ. ಆ ಸಿಟ್ಟು ಬೇರೆ.)

ನಮ್ಮಪ್ಪ ಉಪದೇಶಿ ಆಗಿದ್ದವರು, ನಿಮಗೆ ಗೊತ್ತಲ್ಲ. ದಿನಾ ಸಂಜೆ ಬೈಸಿಕೊಂಡು ಬೈಸಿಕೊಂಡೇ ಬೈಬಲ್ ಓದಿದವಳು ನಾನು. ಹಾಗಾಗಿ ಕೇಳ್ತೀನಿ. ಕುರುಡರು ಅಂತ ಅಷ್ಟು ಸಲೀಸಾಗಿ ಹೇಳಿಬಿಟ್ಟಿರಲ್ಲ, ಅವರು ಕಾಯುತ್ತಿದ್ದದ್ದು ಯಾರನ್ನು ಅಂತ ಒಮ್ಮೆಯಾದರೂ ನೋಡಿದ್ದೀರಾ?

ಅವರು ಕಾಯುತ್ತಿದ್ದದ್ದು ದಾವೀದನ ವಂಶದ ಅರಸನನ್ನು. ತಲೆಗೆ ಎಣ್ಣೆ ಸುರಿದು ಅಭಿಷೇಕ ಮಾಡಿಸಿಕೊಂಡ ಮನುಷ್ಯನನ್ನು. ಮೆಸ್ಸೀಯ ಅಂದರೆ ಅಭಿಷಿಕ್ತ ಅಂತಲೇ ಅರ್ಥ. ಅರಸ ಸೌಲನಿಗೂ ಅಭಿಷೇಕ ಆಗಿತ್ತು, ದಾವೀದನಿಗೂ ಆಗಿತ್ತು. ಅಷ್ಟೇ ಏಕೆ, ಪರ್ಷಿಯಾದ ದೊರೆ ಕೋರೆಷನನ್ನೂ ಬೈಬಲಿನ ಯೆಶಾಯನ ಗ್ರಂಥ ದೇವರ ಅಭಿಷಿಕ್ತ ಅಂತ ಕರೆಯುತ್ತದೆ. ಅವನು ಯೆಹೂದ್ಯನೇ ಅಲ್ಲ! ಬಾಬಿಲೋನಿನಲ್ಲಿ ಸೆರೆಯಾಗಿದ್ದವರನ್ನು ಮನೆಗೆ ಕಳಿಸಿಕೊಟ್ಟ, ಅದಕ್ಕೆ ಆ ಗೌರವ. ಮುಂದೆ ಬರಬೇಕಾದವನು ಇನ್ನೂ ದೊಡ್ಡ ಕೆಲಸ ಮಾಡಬೇಕಿತ್ತು. ಚದುರಿಹೋದ ಜನ ಒಂದಾಗಬೇಕು. ಯೆರೂಸಲೇಮಿನಲ್ಲಿ ದೇವಾಲಯ ಇರಬೇಕು. ಜನ ಕತ್ತಿ ಕುಟ್ಟಿ ನೇಗಿಲಿನ ಗುಳ ಮಾಡಿಕೊಳ್ಳಬೇಕು, ಯುದ್ಧ ಅನ್ನೋದನ್ನೇ ಮರೆಯಬೇಕು. ಯೇಸುಸ್ವಾಮಿ ಶಿಲುಬೆ ಮೇಲೆ ಪ್ರಾಣ ಬಿಟ್ಟು ನಲವತ್ತು ವರ್ಷ ಆಗುವ ಹೊತ್ತಿಗೆ, ಕ್ರಿ.ಶ. 70ರಲ್ಲಿ, ರೋಮನರು ಇದ್ದ ದೇವಾಲಯವನ್ನೂ ಸುಟ್ಟು ಹಾಕಿದರು. ಈಗ ಹೇಳಿ, ಆ ಊರಿನವರಿಗೆ ಕೆಲಸ ಆಗಿದೆ ಅಂತ ಹೇಗೆ ಅನ್ನಿಸಬೇಕಿತ್ತು?

ಅದಿರಲಿ, ಯೇಸುಸ್ವಾಮಿಯ ಜೊತೆಗಿದ್ದವರನ್ನೇ ನೋಡಿ. "ನೀವೇ ಮೆಸ್ಸೀಯ" ಅಂತ ಬಾಯಿ ತುಂಬ ಹೇಳಿದ ಶಿಷ್ಯ ಪೇತ್ರನಿಗೆ, ಆ ಮೆಸ್ಸೀಯ ಕಷ್ಟಪಟ್ಟು ಸಾಯಬೇಕು ಅನ್ನೋ ಮಾತು ಗಂಟಲಲ್ಲಿ ಇಳಿಯಲಿಲ್ಲ. ಪಕ್ಕಕ್ಕೆ ಕರೆದು ಗದರಿಸಲು ಹೋಗಿ, "ತೊಲಗು ಸೈತಾನ" ಅಂತ ಅನ್ನಿಸಿಕೊಂಡ. ಯೇಸುವಿಗೆ ಸ್ನಾನದೀಕ್ಷೆ ಕೊಟ್ಟ ಸ್ನಾನಿಕ ಯೊವಾನ್ನನೇ ಸೆರೆಮನೆಯಿಂದ ಜನ ಕಳಿಸಿ, ಬರಬೇಕಾದವರು ನೀವೇನಾ, ಇಲ್ಲಾ ಇನ್ನೊಬ್ಬರಿಗೆ ಕಾಯಬೇಕಾ ಅಂತ ಕೇಳಿಸಿದ. ಯೇಸು ಸತ್ತ ಮೇಲೆ ಎಮ್ಮಾವುಸ್ ಅನ್ನೋ ಊರಿನ ದಾರಿಯಲ್ಲಿ ಇಬ್ಬರು ಶಿಷ್ಯರು, ಇಸ್ರಯೇಲನ್ನು ಬಿಡಿಸುವವರು ಇವರೇ ಅಂತ ನಂಬಿದ್ದೆವು ಅಂತ ಗೋಳಾಡಿದರು. ಪುನರುತ್ಥಾನ ಆದಮೇಲೂ ಶಿಷ್ಯರು ಕೇಳಿದ್ದೇನು? ಇಸ್ರಯೇಲಿಗೆ ರಾಜ್ಯ ವಾಪಸ್ ಕೊಡಿಸೋದು ಈಗಲೇನಾ ಅಂತ! ಕುರುಡರ ಲೆಕ್ಕಕ್ಕೆ ಇವರನ್ನೂ ಸೇರಿಸಿಕೊಳ್ಳಿ ಮತ್ತೆ.

1263ರಲ್ಲಿ ಬಾರ್ಸಿಲೋನಾದಲ್ಲಿ ಇದೇ ಜಗಳ ರಾಜನ ಎದುರಿಗೆ ನಡೆಯಿತು. ಒಂದು ಕಡೆ ಪಾಬ್ಲೋ ಕ್ರಿಸ್ತಿಯಾನಿ, ಯೆಹೂದ್ಯ ಧರ್ಮ ಬಿಟ್ಟು ಕ್ರೈಸ್ತನಾಗಿ ಸನ್ಯಾಸಿಯಾದವನು. ಇನ್ನೊಂದು ಕಡೆ ರಬ್ಬಿ, ಅಂದರೆ ಯೆಹೂದ್ಯ ಧರ್ಮಗುರು, ಮೋಶೆ ಬೆನ್ ನಹ್ಮಾನ್. ಗೆಲ್ಲುವುದು ಯಾರು ಅಂತ ಮೊದಲೇ ಗೊತ್ತಿದ್ದ ಚರ್ಚೆ. ನಮ್ಮ ಟೀವಿ ಚರ್ಚೆಗಳ ಹಾಗೆ ಅನ್ನಿ. ಆದರೆ ರಬ್ಬಿ ಬಿಡಲಿಲ್ಲ. ಮೆಸ್ಸೀಯ ಬಂದರೆ ಯುದ್ಧ ನಿಲ್ಲಬೇಕು ಅಂತಿದೆ, ಯೇಸುವಿನ ಕಾಲದಿಂದ ಇವತ್ತಿನವರೆಗೂ ಲೋಕದಲ್ಲಿ ಹಿಂಸೆ, ಲೂಟಿ ತುಂಬಿದೆ ಅಂದರು. ಆಮೇಲೆ ರಾಜನ ಕಡೆಗೇ ತಿರುಗಿ, ಯುದ್ಧ ಕಲಿಯಬಾರದು ಅಂದರೆ ನಿಮಗೂ ನಿಮ್ಮ ಈ ಸೈನಿಕರಿಗೂ ಎಷ್ಟು ಕಷ್ಟ ಅಲ್ವಾ ಅಂದರು. ಆ ಎದೆಗಾರಿಕೆ ನೋಡಿ! ಅವರೇ ಬರೆದಿಟ್ಟಿರುವ ಪ್ರಕಾರ, ತಪ್ಪು ಪಕ್ಷ ಹಿಡಿದು ಇಷ್ಟು ಚೆನ್ನಾಗಿ ವಾದಿಸಿದವರನ್ನು ನೋಡೇ ಇಲ್ಲ ಅಂತ ರಾಜ ಮೆಚ್ಚಿಕೊಂಡು 300 ನಾಣ್ಯ ಕೊಟ್ಟು ಕಳಿಸಿದ. ಮುಂದೆ ಚರ್ಚಿನವರ ಕಾಟಕ್ಕೆ ಮುದುಕ ದೇಶ ಬಿಟ್ಟು ಹೋಗಬೇಕಾಯಿತು, ಅದು ಬೇರೆ ವಿಷಯ.

"ಹಾಗಂತ ಯೆಹೂದ್ಯರು ಕಳ್ಳ ಮೆಸ್ಸೀಯರನ್ನು ನಂಬಲಿಲ್ವಾ?" ಅಂತ ಕೇಳುವವರಿದ್ದಾರೆ. ನಂಬಿದರು, ಇಲ್ಲ ಅನ್ನಲ್ಲ. ಶಬ್ಬತೈ ಜ್ವೀಯನ್ನು ನಂಬಿ ಊರೂರೇ ಹುಚ್ಚೆದ್ದು ಕುಣಿಯಿತು. 1666ರಲ್ಲಿ ತುರ್ಕಿಯ ಸುಲ್ತಾನನ ಎದುರು ತಲೆಯೋ ಧರ್ಮವೋ ಅನ್ನೋ ಹೊತ್ತು ಬಂದಾಗ ಆಸಾಮಿ ಮುಸ್ಲಿಮನಾದ. ಅದಕ್ಕೂ ಎಷ್ಟೋ ಮೊದಲು, ಕ್ರಿ.ಶ. 132ರಲ್ಲಿ, ರೋಮನರ ಮೇಲೆ ದಂಗೆ ಎದ್ದ ಬಾರ್ ಕೋಖ್ಬಾನನ್ನು ಮೆಸ್ಸೀಯ ಅಂದವರು ಸಾಕ್ಷಾತ್ ರಬ್ಬಿ ಅಕೀವಾ. ಅವರಿಗಿಂತ ದೊಡ್ಡ ಪಂಡಿತ ಇಲ್ಲ. ಆದರೂ ಜೊತೆಯವರೊಬ್ಬರು ಮುಖಕ್ಕೆ ಹೊಡೆದ ಹಾಗೆ ಹೇಳಿದ ಮಾತು ಯೆಹೂದ್ಯರ ಧರ್ಮಗ್ರಂಥ ತಾಲ್ಮುದಿನಲ್ಲಿದೆ: ಅಕೀವಾ, ನಿನ್ನ ಕೆನ್ನೆ ಮೇಲೆ ಹುಲ್ಲು ಬೆಳೆದರೂ ದಾವೀದನ ಮಗ ಬಂದಿರುವುದಿಲ್ಲ! ಮೂರು ವರ್ಷದಲ್ಲಿ ದಂಗೆ ಮುಗಿಯಿತು, ಬಾರ್ ಕೋಖ್ಬಾ ಸತ್ತ. ತಮ್ಮವನೇ ಆದರೂ ಕೆಲಸ ಆಗದಿದ್ದರೆ ಅವನಲ್ಲ ಅಂದುಬಿಟ್ಟರು. 12ನೇ ಶತಮಾನದಲ್ಲಿ ಯೆಹೂದ್ಯ ಪಂಡಿತ ಮೈಮೋನಿಡೀಸ್ ಇದನ್ನೇ ನಿಯಮವಾಗಿ ಬರೆದಿಟ್ಟ. ಪವಾಡ ಗಿವಾಡ ಬೇಡ, ಕೆಲಸ ಆಗಬೇಕು. ಮಧ್ಯದಲ್ಲಿ ಸೋತರೆ, ಕೊಲ್ಲಲ್ಪಟ್ಟರೆ ಅವನು ಅಲ್ಲ. ಎಲ್ಲರಿಗೂ ಒಂದೇ ಅಳತೆ. ಇದು ಕುರುಡುತನವಾ?

ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಕ್ಯಾಥೆಡ್ರಲ್‌ಗೆ 13ನೇ ಶತಮಾನದಲ್ಲಿ ಎರಡು ಹೆಣ್ಣಿನ ವಿಗ್ರಹ ಕೆತ್ತಿದರು. ಒಬ್ಬಳು ಚರ್ಚ್: ಕಿರೀಟ, ಕೈಯಲ್ಲಿ ಶಿಲುಬೆ, ನೆಟ್ಟ ನೋಟ. ಇನ್ನೊಬ್ಬಳು ಸಿನಗಾಗ್, ಅಂದರೆ ಯೆಹೂದ್ಯರ ಪ್ರಾರ್ಥನಾಲಯ: ಕಣ್ಣಿಗೆ ಬಟ್ಟೆ, ಮುರಿದ ಈಟಿ, ಬಾಗಿದ ತಲೆ. ಭಾನುವಾರದ ಭಾಷಣ ಈ ಕಲ್ಲಿನಿಂದಲೇ ಎದ್ದು ಬಂದದ್ದು. ಶತಮಾನಗಟ್ಟಲೆ ಹೀಗೆ ಹೇಳಿ ಹೇಳಿ ಆ ಜನರನ್ನು ಊರಿಂದ ಊರಿಗೆ ಓಡಿಸಿದ್ದಾಯಿತು. 1965ರಲ್ಲಿ ವ್ಯಾಟಿಕನ್ ಮಹಾಸಭೆ, ಯೇಸುಸ್ವಾಮಿಯ ಸಾವಿನ ಹೊಣೆಯನ್ನು ಎಲ್ಲಾ ಯೆಹೂದ್ಯರ ತಲೆಗೆ ಕಟ್ಟಬೇಡಿ ಅಂತ ಹೇಳಿತು. 2001ರಲ್ಲಿ ರೋಮಿನ ಬೈಬಲ್ ಆಯೋಗ, ಯೆಹೂದ್ಯರು ಮೆಸ್ಸೀಯನಿಗೆ ಕಾಯುವುದು ವ್ಯರ್ಥ ಅಲ್ಲ ಅಂತಲೇ ಬರೆಯಿತು. ಭಾಷಣಕಾರರ ಊರಿಗೆ ಅಂಚೆ ಇನ್ನೂ ತಲುಪಿಲ್ಲ, ಪಾಪ.

ಒಂದು ಗುಟ್ಟು ಹೇಳಲಾ? ನಾವೂ ಕಾಯುವವರೇ. ಪ್ರತಿ ಭಾನುವಾರ ಯೇಸು "ಮತ್ತೆ ಬರುವರು" ಅಂತ ಎದ್ದು ನಿಂತು ಹೇಳ್ತೀವಿ. ಮಿಕ್ಕ ಕೆಲಸ ಎರಡನೇ ಸಲ ಬಂದಾಗ ಆಗುತ್ತೆ ಅನ್ನೋದೇ ಅದರ ಅರ್ಥ ಅಲ್ವಾ? ಅಂದರೆ ಕೆಲಸ ಬಾಕಿ ಇದೆ ಅಂತ ನಾವೂ ಒಪ್ಪಿದ ಹಾಗಾಯಿತು. ನಾನು ಯೇಸುವನ್ನು ನಂಬುವವಳು, ಅದರಲ್ಲಿ ಅನುಮಾನ ಬೇಡ. ಆದರೆ ಆ ಸಾಲು ಬಂದಾಗ ನನ್ನ ಬಾಯಿ ಆಡುತ್ತೆ ಅಷ್ಟೇ, ತಲೆ ಮನೆಯ ಸಾರಿನ ಬಗ್ಗೆ ಯೋಚಿಸ್ತಾ ಇರುತ್ತೆ. ನಾಳೆ ಬೆಳಿಗ್ಗೆ ಸ್ವಾಮಿ ಬಂದೇಬಿಟ್ಟರೆ ಅಂತ ಒಂದು ದಿನವೂ ಯೋಚಿಸಿಲ್ಲ. ತಮ್ಮ ಪಾಸ್ಕ ಹಬ್ಬದ ರಾತ್ರಿ, ಮೆಸ್ಸೀಯನಿಗಿಂತ ಮೊದಲು ಬರಬೇಕಾದ ಪ್ರವಾದಿ ಎಲೀಯನಿಗೆ ಅಂತ ಒಂದು ಲೋಟ ದ್ರಾಕ್ಷಾರಸ ತುಂಬಿಟ್ಟು ಬಾಗಿಲು ತೆರೆಯುವ ಜನರನ್ನು ನೋಡಿ ನಗುವ ಯೋಗ್ಯತೆ ನನಗಂತೂ ಇಲ್ಲ.

ಕೆಳಗೆ "ಯೆಶಾಯ 53" ಅಂತ ಕಾಮೆಂಟ್ ಹಾಕೋಕೆ ಬೆರಳು ತುರಿಸುತ್ತಿರುವವರೇ, ಆ ಅಧ್ಯಾಯದ, ನಮ್ಮ ಪಾಪ ಹೊತ್ತ ಸೇವಕನಲ್ಲಿ ನಾನೂ ಯೇಸುವನ್ನೇ ಕಾಣ್ತೀನಿ. ಆದರೆ 49ನೇ ಅಧ್ಯಾಯದ ಮೂರನೇ ವಚನದಲ್ಲಿ ದೇವರು ಯಾರನ್ನು "ನನ್ನ ಸೇವಕ" ಅಂತ ಹೆಸರು ಹಿಡಿದು ಕರೆದಿದ್ದಾರೆ, ಮೊದಲು ಓದಿ ಬನ್ನಿ. (ಇಸ್ರಯೇಲನ್ನು!) ಆಮೇಲೆ ಜಗಳ ಆಡೋಣ.