ಪ್ರತಿಜ್ಞೆ ಬೋಧಿಸದ ಊರು

ಐಸ್‌ಲ್ಯಾಂಡಿನಲ್ಲಿ ಹದಿಹರೆಯದವರ ಕುಡಿತ ಇಳಿದ ಬಗೆಯನ್ನು ರಜೆಗೆ ಊರಿಗೆ ಬಂದಾಗ ಯಾರಿಗೆ ಹೇಳಿದರೂ ಬರುವ ಉತ್ತರ ಒಂದೇ: "ಅಲ್ಲಿಯವರಿಗೆ ಅದೆಲ್ಲ ಬೇಕು, ನಮ್ಮಲ್ಲಿ ಕುಟುಂಬ ಗಟ್ಟಿಯಾಗಿದೆಯಲ್ಲ!" ಅಲ್ಲಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಮಗಳನ್ನು ಬೆಳೆಸುತ್ತಿರುವ ನನಗೆ ಈ ಮಾತು ಈಗ ಅಷ್ಟಾಗಿ ರುಚಿಸುವುದಿಲ್ಲ. ಕುಟುಂಬ ಗಟ್ಟಿಯಿದೆ, ನಿಜ. ಆದರೆ ಹದಿನೈದರ ಹುಡುಗನ ಜೇಬಿನಲ್ಲಿ ಸಿಗರೇಟು ಸಿಕ್ಕ ದಿನ ಆ ಗಟ್ಟಿತನವೆಲ್ಲ ಸುದ್ದಿ ಹೊಸಿಲು ದಾಟದಂತೆ ನೋಡಿಕೊಳ್ಳುವುದರಲ್ಲೇ ಖರ್ಚಾಗುತ್ತದೆ. ಮೊದಲು ಏಟು, ಆಮೇಲೆ ದೇವರ ಮೇಲೆ ಆಣೆ, ಅದೂ ಆಗದಿದ್ದರೆ ದೂರದ ಹಾಸ್ಟೆಲ್ಲು.

1998ರಲ್ಲಿ ಐಸ್‌ಲ್ಯಾಂಡಿನ 15–16 ವಯಸ್ಸಿನವರಲ್ಲಿ ಶೇ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು. 2016ಕ್ಕೆ ಅದು ಶೇ 5ಕ್ಕೆ ಬಂತು. ದಿನವೂ ಸಿಗರೇಟು ಸೇದುವವರು ಶೇ 23ರಿಂದ 3ಕ್ಕೆ ಇಳಿದರು. ಮಾದಕ ವಸ್ತು ಕೆಟ್ಟದ್ದೆಂಬ ಉಪದೇಶ ಅದಕ್ಕೂ ಮುಂಚೆಯೇ ಶಾಲೆಗಳಲ್ಲಿ ಸಾಕಷ್ಟು ನಡೆದಿತ್ತು, ಫಲ ಕಂಡಿರಲಿಲ್ಲ. ಇಂಗಾ ಡೋರಾ ಸಿಗ್ಫುಸ್‌ಡೋಟಿರ್ ಮತ್ತು ಅವರ ಜೊತೆಯ ಸಂಶೋಧಕರು ಮಕ್ಕಳನ್ನು ಬೇರೆ ಬಗೆಯ ಪ್ರಶ್ನೆ ಕೇಳತೊಡಗಿದರು. ಸಂಜೆ ಯಾರ ಜೊತೆ ಇರುತ್ತೀ? ನೀನು ಎಲ್ಲಿದ್ದೀ ಎಂಬುದು ಮನೆಯವರಿಗೆ ಗೊತ್ತಿರುತ್ತದೆಯೇ? ನಿನ್ನ ಗೆಳೆಯರ ಅಪ್ಪ ಅಮ್ಮಂದಿರ ಪರಿಚಯ ಅವರಿಗಿದೆಯೇ? ವಾರಕ್ಕೆ ಮೂರು ನಾಲ್ಕು ಸಲ ತರಬೇತುದಾರರ ಕೈಕೆಳಗೆ ಆಡುವ, ಮನೆಯವರ ಜೊತೆ ಹೊತ್ತು ಕಳೆಯುವ, ತಡರಾತ್ರಿ ಬೀದಿಯಲ್ಲಿರದ ಮಕ್ಕಳು ಕುಡಿತ, ಸಿಗರೇಟುಗಳಿಂದ ದೂರವಿದ್ದರು. ಆಮೇಲೆ ಊರನ್ನೇ ಆ ಪ್ರಕಾರ ಹೊಂದಿಸಿದರು.

ಚಳಿಗಾಲದಲ್ಲಿ 12ರೊಳಗಿನವರು ರಾತ್ರಿ ಎಂಟಕ್ಕೆ, 13ರಿಂದ 16ರವರು ಹತ್ತಕ್ಕೆ ಮನೆ ಸೇರಬೇಕೆಂಬುದು ಕಾನೂನು. ಬೇಸಿಗೆಯಲ್ಲಿ ಎರಡು ಗಂಟೆ ವಿನಾಯಿತಿ. ಈ ಹೊತ್ತುಗಳನ್ನು ಅಚ್ಚು ಹಾಕಿಸಿ ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತದ ಪಟ್ಟಿಗಳನ್ನೂ ಮನೆಗಳಿಗೆ ಹಂಚಿದ್ದಾರೆ. ಆಟ, ಸಂಗೀತದ ತರಗತಿಗಳ ಶುಲ್ಕಕ್ಕೆ ನಗರಸಭೆಯೇ ಮಗುವಿಗೆ ಇಷ್ಟೆಂದು ಕೊಡುತ್ತದೆ. ಸಮೀಕ್ಷೆಯ ಫಲಿತಾಂಶ ಕೆಲವೇ ವಾರಗಳಲ್ಲಿ ಆಯಾ ಶಾಲೆಗೆ ಮರಳುತ್ತದೆ. ದೇಶದ ಸರಾಸರಿಯನ್ನು ಯಾರೂ ತಮ್ಮ ಮನೆಯ ಮಾತೆಂದು ತಿಳಿಯುವುದಿಲ್ಲ. ನಿಮ್ಮ ಮಗಳ ಶಾಲೆಯ ಲೆಕ್ಕ ಇದು ಎಂದಾಗ ಮಾತ್ರ ಬೆನ್ನು ನೇರವಾಗುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಪೋಷಕರ ರಾತ್ರಿ ನಡಿಗೆ. ಶುಕ್ರವಾರ ರಾತ್ರಿ ಹೊಳೆಯುವ ಅಂಗಿ ತೊಟ್ಟು ನಾವು ಕೆಲವರು ಬಡಾವಣೆಯ ಬೀದಿಗಳಲ್ಲಿ ಸುಮ್ಮನೆ ಅಡ್ಡಾಡುತ್ತೇವೆ. ಗದರಿಕೆ ಇಲ್ಲ, ತನಿಖೆ ಇಲ್ಲ. ಮಕ್ಕಳ ಕಣ್ಣಿಗೆ ಬೀಳುವುದಷ್ಟೇ ಕೆಲಸ. ಚಳಿಯಲ್ಲಿ ಅದೇ ಸಾಕಷ್ಟು ದೊಡ್ಡ ಕೆಲಸ ಎನ್ನಿ. ಆ ನಡಿಗೆಯಲ್ಲೇ ಮಗಳ ಗೆಳತಿಯರ ಅಪ್ಪ ಅಮ್ಮಂದಿರು ನನಗೆ ಪರಿಚಯವಾದದ್ದು. "ಶನಿವಾರ ಅವರ ಮನೆಯಲ್ಲಿ ದೊಡ್ಡವರು ಇರುವುದಿಲ್ಲವಂತೆ, ನಿಮಗೆ ಗೊತ್ತೇ?" ಎಂದು ಅವರಲ್ಲೊಬ್ಬರು ನೇರವಾಗಿ ನನಗೇ ಫೋನ್ ಮಾಡುತ್ತಾರೆ.

ಹಾಸನದ ನಮ್ಮ ಬೀದಿಯಲ್ಲೂ ಕಣ್ಣುಗಳಿಗೆ ಬರವಿರಲಿಲ್ಲ. ಯಾರ ಮಗ ಯಾರ ಜೊತೆ ಯಾವ ಅಂಗಡಿಯ ಹಿಂದೆ ನಿಂತಿದ್ದನೆಂಬುದು ಸಂಜೆಯೊಳಗೆ ಇಡೀ ಬೀದಿಗೆ ಗೊತ್ತು, ಅವನ ತಾಯಿಯೊಬ್ಬರನ್ನು ಬಿಟ್ಟು. ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂದು ಹೆದರಿಸುವುದಕ್ಕೆ ಆ ನಾಲ್ಕು ಜನ ಸದಾ ಸಿದ್ಧರಿದ್ದರು. ಕಷ್ಟದ ರಾತ್ರಿ ಅವರ ಮನೆಯ ಕದ ತಟ್ಟುವ ಧೈರ್ಯ ಯಾವ ಹುಡುಗನಿಗಿತ್ತು?

ಇನ್ನೊಂದು ವ್ಯತ್ಯಾಸವಂತೂ ನನ್ನನ್ನು ಕೆರಳಿಸುತ್ತದೆ. ಇಲ್ಲಿ ಐಸ್‌ಲ್ಯಾಂಡಿನಲ್ಲಿ ಹದಿನಾಲ್ಕು ಹದಿನೈದರ ಮಕ್ಕಳನ್ನು ಆಟದ ಕ್ಲಬ್ಬುಗಳಲ್ಲಿ ಉಳಿಸಿಕೊಳ್ಳಲು ಹೆಣಗುತ್ತಾರೆ. ನಾವು ಅದೇ ವಯಸ್ಸಿಗೆ ಮಕ್ಕಳನ್ನು ಎಲ್ಲದರಿಂದ ಬಿಡಿಸುತ್ತೇವೆ. ಎಸ್ಸೆಸ್ಸೆಲ್ಸಿ ಬಂತೆಂದರೆ ಬ್ಯಾಡ್ಮಿಂಟನ್ ಬ್ಯಾಟು ಬೀರುವಿನ ಮೇಲೆ, ವೀಣೆ ಗವುಸಿನೊಳಗೆ. ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟರು ಕೇಳಿ ಪಡೆಯುತ್ತಾರೆ. ಪಿಯುಸಿಗೆ ಬೆಳಗಿನ ಕತ್ತಲಲ್ಲೇ ಟ್ಯೂಷನ್ನು. ಅಂಕ ಕಡಿಮೆಯಾದ ಮಗುವಿಗೆ ಮನೆಯವರ ಮುಖವೂ ಕಡಿಮೆಯಾಗುತ್ತದೆ. ಇಷ್ಟೆಲ್ಲ ಮಾಡಿ ಜೂನ್ 26ರಂದು ಮಾದಕ ವಸ್ತು ವಿರೋಧಿ ದಿನವೆಂದು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ, ಕೈ ಮುಂದೆ ಮಾಡಿಸಿ ಪ್ರತಿಜ್ಞೆ ಬೋಧಿಸುತ್ತೇವೆ. ಕರ್ನಾಟಕ 2025ರಲ್ಲಿ ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿದ್ದು ಒಳ್ಳೆಯದೇ. ಆದರೆ ಪಂಕ್ಚರ್ ಅಂಗಡಿಯ ಸಲ್ಯೂಷನ್ನಿಗೆ, ವೈಟ್ನರಿಗೆ ಯಾರು ವಯಸ್ಸು ಕೇಳುತ್ತಾರೆ? 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಬಳಕೆ ಹೆಚ್ಚೆಂದು ಕಂಡದ್ದು ಮೂಸುವ ಈ ಬಗೆಯ ವಸ್ತುಗಳು ಮಾತ್ರ.

ಐಸ್‌ಲ್ಯಾಂಡನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕಿಲ್ಲ. ನಾಲ್ಕು ಲಕ್ಷವೂ ಇಲ್ಲದ ಜನಸಂಖ್ಯೆ, ಕೈಯಲ್ಲಿ ದುಡ್ಡು. ಕುಡಿತ ಇಳಿದರೂ ಹುಡುಗಿಯರಲ್ಲಿ ಖಿನ್ನತೆಯ ಲಕ್ಷಣಗಳು ಏರಿವೆ. ತುಟಿಯೊಳಗೆ ಇಟ್ಟುಕೊಳ್ಳುವ ನಿಕೋಟಿನ್ ಪೊಟ್ಟಣಗಳು ಸಿಗರೇಟಿನ ಜಾಗಕ್ಕೆ ಬಂದಿವೆ. ನಮ್ಮಂಥ ವಲಸಿಗರ ಮಕ್ಕಳು ಕ್ಲಬ್ಬುಗಳಲ್ಲಿ ಕಡಿಮೆ. ಭಾಷೆ ಬಾರದ ಅಪ್ಪ ಅಮ್ಮಂದಿರಿಗೆ ಸೂಚನೆಗಳೇ ತಲುಪುವುದಿಲ್ಲ.

ಹಾಗಿದ್ದರೂ ತರಬಹುದಾದದ್ದಕ್ಕೆ ಹೆಚ್ಚು ಹಣ ಬೇಡ. ನಮ್ಮ ಪ್ರತಿ ಸರ್ಕಾರಿ ಶಾಲೆಯಲ್ಲೂ ಪೋಷಕರೇ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಅಲ್ಲಿ ಕಟ್ಟಡ, ಬಿಸಿಯೂಟ, ಶೌಚಾಲಯದ ಚರ್ಚೆಯಾಗುತ್ತದೆ. ಸಂಜೆ ಐದರಿಂದ ಎಂಟರವರೆಗೆ ಮೈದಾನದ ಬೀಗದ ಕೈ ಯಾರ ಬಳಿ ಇರಬೇಕು, ಯಾವ ದಿನ ಯಾವ ಪೋಷಕರು ಅಲ್ಲಿ ಕೂರಬೇಕು ಎಂಬುದನ್ನೂ ಅದೇ ಸಭೆಯಲ್ಲಿ ಬರೆದುಕೊಳ್ಳಬಹುದು. ಖಾಸಗಿ ಶಾಲೆಗಳವರು ಪೋಷಕರ ಸಭೆ ಕರೆಯುವುದು ಅಂಕಪಟ್ಟಿ ಕೊಡುವುದಕ್ಕೆ. ಆ ಸಾಲಿನಲ್ಲಿ ನಿಂತಾಗಲಾದರೂ ಪಕ್ಕದವರ ಫೋನ್ ನಂಬರ್ ತೆಗೆದುಕೊಳ್ಳಿ, ಅವರ ಮಗುವಿನ ಅಂಕ ಕೇಳದೆ.