ತೊಗರಿ ಕಣಜದಾಗ ನಾಲ್ಕು ಸಾವಿರದ ಡಬ್ಬಿ

ಅಕ್ಕನ ಮಗ ಜಿಮ್ಮಿಗೆ ಸೇರಿದ್ದಾನೆ. ಮೂರನೇ ದಿನಕ್ಕೇ ಮನೆಗೆ ಪ್ರೋಟೀನ್ ಪುಡಿಯ ಡಬ್ಬಿ ಬಂತು. ಒಂದು ಕಿಲೋ, ನಾಲ್ಕು ಸಾವಿರ ರೂಪಾಯಿ, ಮೇಲೆ ತೋಳು ಉಬ್ಬಿಸಿಕೊಂಡು ನಿಂತ ಒಬ್ಬ ಆಸಾಮಿ. ಅಕ್ಕ ಅದನ್ನು ದೇವರ ಜಗಲಿಯ ಪಕ್ಕದಲ್ಲೇ ಇಟ್ಟಿದ್ದಾಳೆ. ಉದಿನಕಡ್ಡಿ ಹೊಗೆ ಇಬ್ಬರಿಗೂ ಹೋಗುತ್ತದೆ.

"ಮಾಮಾ, ನಮ್ಮ ಮನೀ ಊಟದಾಗ ಪ್ರೋಟೀನೇ ಇಲ್ಲಂತ್ರಿ. ನಮ್ಮ ಟ್ರೇನರ್ ಹೇಳ್ಯಾರ."

ಈ ಮಾತು ನಡೆದದ್ದು ಕಲಬುರಗಿಯಲ್ಲಿ. 2019ರಲ್ಲಿ ತನ್ನ ತೊಗರಿ ಬ್ಯಾಳಿಗೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ಎಂಬ ಸರ್ಕಾರಿ ಮುದ್ರೆ, ಪಡೆದುಕೊಂಡ ಕಲಬುರಗಿಯಲ್ಲಿ.

ನಾನು ಪೆನ್ನು ತೆಗೆದೆ. 2025-26ರ ತೊಗರಿ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಗಂಜ್ ಮಾರುಕಟ್ಟೆಯಲ್ಲಿ ರೈತನ ಕೈಗೆ ಅಷ್ಟು ಬೀಳುತ್ತದೋ ಇಲ್ಲವೋ, ಅದು ಬೇರೆ ಪುರಾಣ. ಡಬ್ಬಿಯ ದುಡ್ಡಿಗೆ ಅರ್ಧ ಕ್ವಿಂಟಲ್ ತೊಗರಿ. ಹೊಟ್ಟು, ನುಚ್ಚು ಹೋಗಿ 35 ಕಿಲೋ ಬ್ಯಾಳಿ ಉಳಿದರೂ, ನೂರು ಗ್ರಾಮಿಗೆ 22 ಗ್ರಾಂ ಲೆಕ್ಕದಲ್ಲಿ ಏಳು ಕಿಲೋ ಮೇಲೆ ಪ್ರೋಟೀನ್. ಡಬ್ಬಿಯಲ್ಲಿ ಮುಕ್ಕಾಲು ಕಿಲೋ. ಅದೂ ಏನದು? ಚೀಸ್ ಮಾಡಲು ಹಾಲು ಒಡೆಸಿದಾಗ ಉಳಿಯುವ ನೀರನ್ನು ಒಣಗಿಸಿದ ಪುಡಿ. ಹಾಲು ಒಡೆದರೆ ಅಕ್ಕ ಅದೇ ನೀರನ್ನು ಎಮ್ಮೆಯ ಕಲಗಚ್ಚಿಗೆ ಸುರಿಯುತ್ತಾಳೆ.

ಅರವತ್ತು ಕಿಲೋ ತೂಕದವನಿಗೆ ದಿನಕ್ಕೆ ಐವತ್ತು ಗ್ರಾಂ ಸಾಕು. ಕಸರತ್ತು ಮಾಡುವವರಿಗೆ ಇನ್ನಷ್ಟು ಬೇಕು, ಖರೆ. ಆದರೆ ಇವನ ಕಸರತ್ತೆಲ್ಲ ಜಿಮ್ಮಿನ ಕನ್ನಡಿ ಮುಂದೆ, ಮೊಬೈಲ್ ಹಿಡಿದು. ದೇಹಕ್ಕೆ ಪ್ರೋಟೀನ್ ಕೂಡಿಡುವ ಗೋದಾಮಿಲ್ಲ. ಹೆಚ್ಚಾದದ್ದನ್ನು ಒಡೆದು, ಅದರ ಸಾರಜನಕವನ್ನು ಪಿತ್ತಜನಕಾಂಗ ಯೂರಿಯಾ ಮಾಡುತ್ತದೆ, ಮೂತ್ರಪಿಂಡ ಹೊರಗೆ ಹಾಕುತ್ತದೆ. ಉಳಿದದ್ದು ಉರಿದು ಹೋಗುತ್ತದೆ, ಇಲ್ಲವೇ ಬೊಜ್ಜಾಗುತ್ತದೆ. ನಮ್ಮ ತೊಗರಿ ಖರೀದಿ ಕೇಂದ್ರದ್ದೂ ಇದೇ ರೀತಿ: "ಜಾಗ ಇಲ್ಲ, ನಾಳಿ ಬರ್ರಿ."

ಪ್ರೋಟೀನ್ ಕಟ್ಟುವ ಇಟ್ಟಿಗೆಗಳು ಅಮೈನೋ ಆಮ್ಲಗಳು. ಅವುಗಳಲ್ಲಿ ಲೈಸಿನ್ ಜ್ವಾಳದ ರೊಟ್ಟಿಯಲ್ಲಿ ಕಡಿಮೆ, ಬ್ಯಾಳಿಯಲ್ಲಿ ಧಾರಾಳ. ಬ್ಯಾಳಿಗೆ ಮೆಥಿಯೋನಿನ್ ಎಂಬ ಇನ್ನೊಂದು ಇಟ್ಟಿಗೆ ಸಾಲದು, ಜ್ವಾಳ ತುಂಬಿಕೊಡುತ್ತದೆ. ಇದನ್ನು ಓದಿ ನಮ್ಮ ಅಜ್ಜಿಯರು ವಿಜ್ಞಾನಿಗಳಾಗಿದ್ದರು ಅಂತ ವಾಟ್ಸಾಪಿನಲ್ಲಿ ತಿರುಗಿಸಬೇಡಿ. ಬೇರೇನೂ ಸಿಗದಿದ್ದಕ್ಕೆ ತಿಂದರು.

ನಮ್ಮ ಓಣಿಯ ಕಾಕಾ ಒಬ್ಬರಿಗೆ ಮೇ ತಿಂಗಳಲ್ಲೇ ವಿಟಮಿನ್ ಡಿ ಕಡಿಮೆ ಅಂತ ರಿಪೋರ್ಟ್ ಬಂತು. ಕಲಬುರಗಿಯ ಬಿಸಿಲಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ತಪ್ಪು ಬಿಸಿಲಿನದಲ್ಲ. ಕಾಕಾ ದಿನವಿಡೀ ಕೂಲರ್ ಮುಂದೆ, ಗಾಜಿನ ಕಿಟಕಿ ಒಳಗೆ. ಚರ್ಮದಲ್ಲಿ ಡಿ ಹುಟ್ಟಿಸುವ ಕಿರಣ ಗಾಜು ದಾಟಿ ಬರುವುದಿಲ್ಲ. ವಾರಕ್ಕೊಂದು ನುಂಗಬೇಕಾದ ಗುಳಿಗೆಯನ್ನು "ಜಲ್ದಿ ಆರಾಮಾಗ್ಲಿ" ಅಂತ ದಿನಾ ನುಂಗುತ್ತಿದ್ದರು. ಸಿ, ಬಿ ಜಾಸ್ತಿಯಾದರೆ ಬಹುಪಾಲು ಮೂತ್ರದಲ್ಲಿ ಹೋದೀತು. ಡಿ ಹಾಗಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತದೆ. ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಪೆಟ್ಟು. ಕಾಕಾನ ಮಗಳು ಗುಳಿಗೆ ಕಸಿದು ಬೀಗ ಹಾಕಿದ್ದಾಳೆ.

ಡಬ್ಬಿಗೂ ಗುಳಿಗೆಗೂ ಯಾರ ಧರ್ಮವೂ ಅಡ್ಡ ಬಂದಿಲ್ಲ. ಗುಳಿಗೆಯ ಸಿಪ್ಪೆ ಪ್ರಾಣಿಗಳ ಜೆಲಾಟಿನ್ ಇದ್ದರೂ ಕಣ್ಣು ಮುಚ್ಚಿ ನುಂಗುತ್ತೇವೆ. ಅಡ್ಡ ಬಂದದ್ದು ಮೊಟ್ಟೆಗೆ. 2021ರ ಡಿಸೆಂಬರಿನಲ್ಲಿ ನಮ್ಮ ಭಾಗದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಶುರುವಾದಾಗಿನ ಗದ್ದಲ ಮರೆತಿಲ್ಲ ತಾನೇ? ಬೇಡವೆಂದವರಿಗೆ ಬಾಳೆಹಣ್ಣು ಕೊಟ್ಟರೂ ಗದ್ದಲ ನಿಲ್ಲಲಿಲ್ಲ. ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್, ಬ್ಯಾಳಿಯಲ್ಲಿ ಇಲ್ಲದ ವಿಟಮಿನ್ ಬಿ12. ಬಾಳೆಹಣ್ಣಿನಲ್ಲಿ ಪ್ರೋಟೀನ್ ಒಂದು ಗ್ರಾಂ ಆಸುಪಾಸು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ. ನಿಮ್ಮ ಮಕ್ಕಳಿಗೆ ಬೇಡವಾದರೆ ಬಿಡಿ. ಮಂದಿ ಮಕ್ಕಳ ತಾಟಿಗೆ ಯಾಕ್ರೀ ಕೈ ಹಾಕ್ತೀರಿ? ಸಾಕಾಗಿದೆ.

ಆಳಂದ ರಸ್ತೆಯ ಒಂದು ಶಾಲೆಯಲ್ಲಿ ನೋಡಿದ್ದೆ. ಒಬ್ಬ ಹುಡುಗಿ ಮೊಟ್ಟೆಯ ಬಿಳಿ ಭಾಗವನ್ನು ಗಬಕ್ಕನೆ ತಿಂದು, ಹಳದಿ ಉಂಡೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಗೇಟಿನ ಕಡೆ ಹೊರಟಿದ್ದಳು.

"ಎಲ್ಲಿಗ್ಯವ್ವಾ?"

"ತಮ್ಮಗ್ರೀ. ಅವಗಿನ್ನಾ ಸಾಲಿ ಇಲ್ರಿ."